ತುಕಿ ಅಂದ್ರೆ ನವಿಲಾ, ಗಿಣಿಯಾ?

ವಿಜಯನಗರದ ನಮ್ಮ ಮನೆ ಫ್ರಿಡ್ಜ್ ಬಾಗಿಲಿನ ಮೇಲೆ ಈಗಲೂ ಒಂದು ಹಳದಿ ಚೀಟಿ ಇದೆ. ನನ್ನದೇ ಕೈಬರಹ: ‘ತುಕಿ = ನವಿಲು. ತುಕ್ಕು ಹಿಡಿದ ನವಿಲು ಅಂತ ನೆನಪಿಟ್ಕೋ.’

ಈ ಒಂದು ಚೀಟಿಯಿಂದ ನಮ್ಮಕ್ಕ ಪರದೇಶದಲ್ಲಿ ಒಂದು ವಾರ ಬಾಯಿ ಬಿಡದೆ ಕೆಲಸ ಮಾಡಿದಳು. ನನ್ನ ಜೊತೆ ಮಾತು ಬಿಟ್ಟಿದ್ದು ಅದಕ್ಕಿಂತ ನಾಲ್ಕು ದಿನ ಜಾಸ್ತಿ.

ಅಕ್ಕ ಅಂದರೆ ದೊಡ್ಡಮ್ಮನ ಮಗಳು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ನರ್ಸಿಂಗ್ ಓದಿದವಳು. ಭಾವ ಹೋದ ಮೇಲೆ ಉಳಿದದ್ದು ಒಂದಿಷ್ಟು ಸಾಲ, ಹೈಸ್ಕೂಲಿನಲ್ಲಿರೋ ಮಗಳು, ಕಾಲುನೋವಿನ ದೊಡ್ಡಮ್ಮ. ಕರಾವಳಿ, ಮಲೆನಾಡಿನ ಕಡೆಯಿಂದ ಇಸ್ರೇಲಿಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಮಾಡುವವರು ಸಾಕಷ್ಟು ಜನ ಇದ್ದಾರೆ. ಅಕ್ಕನೂ ಹೊರಟಳು. ಪೇಪರು, ಮೆಡಿಕಲ್ಲು, ವೀಸಾ ಅಂತ ಓಡಾಡೋಕೆ 2024ರ ಮಳೆಗಾಲದಲ್ಲಿ ಎರಡು ತಿಂಗಳು ನಮ್ಮನೇಲಿದ್ದಳು.

ಆಗ ನಾನು ಅವಳ ಹೀಬ್ರೂ ಮೇಷ್ಟ್ರಾದೆ. ಅರ್ಹತೆ ಏನಪ್ಪಾ ಅಂದರೆ, ನನ್ನ ಫೋನಿನಲ್ಲಿ ಭಾಷೆ ಕಲಿಸೋ ಆ್ಯಪ್ ಇತ್ತು. ವಿಜಯನಗರದಲ್ಲಿ ನೇರಳೆ ಮೆಟ್ರೊ ಹತ್ತಿದರೆ ವೈಟ್‌ಫೀಲ್ಡ್ ತಲುಪೋಕೆ ಒಂದು ಗಂಟೆಗಿಂತ ಜಾಸ್ತಿ. ಆ ಹೊತ್ತಿನಲ್ಲಿ ರೀಲ್ಸ್ ನೋಡೋ ಬದಲು ಸ್ಪ್ಯಾನಿಶ್, ಕೊರಿಯನ್ ಅಂತ ಒಂದೊಂದು ತಿಂಗಳು ಆಟ ಆಡಿದವಳು ನಾನು. ನನಗೆ ಅದು ಆಟ. ಅವಳಿಗೆ ಅನ್ನ. ಈ ವ್ಯತ್ಯಾಸ ನನಗೆ ಅರ್ಥವಾಗಿದ್ದು ತುಂಬ ತಡವಾಗಿ.

ಸ್ವರವೇ ಇಲ್ಲದ ಬರಹ

ಹೀಬ್ರೂನಲ್ಲಿ ಅಕ್ಷರ 22 ಮಾತ್ರ. ಎಲ್ಲಾ ವ್ಯಂಜನ. ಬಲದಿಂದ ಎಡಕ್ಕೆ ಬರೀತಾರೆ. ನಮ್ಮ ಗುಣಿತಾಕ್ಷರದ ಹಾಗೆ ಸ್ವರ ತೋರಿಸೋಕೆ ಚುಕ್ಕಿ, ಗೀಟು ಇವೆ. ಆದರೆ ಮಕ್ಕಳ ಪುಸ್ತಕ, ಧರ್ಮಗ್ರಂಥ, ಕವಿತೆ ಬಿಟ್ಟರೆ ದಿನಬಳಕೆಯಲ್ಲಿ ಅವನ್ನು ಹಾಕೋದಿಲ್ಲ. ಅಂಗಡಿ ಬೋರ್ಡು, ಔಷಧಿ ಡಬ್ಬಿ, ಪೇಪರು ಎಲ್ಲಾ ಬರೀ ವ್ಯಂಜನ. ಓದುವವರೇ ಸ್ವರ ತುಂಬಿಕೊಳ್ಳಬೇಕು.

ಹಾಗಾಗಿ ಒಂದೇ ಮೂರಕ್ಷರ ನಾಲ್ಕು ಪದ ಆಗುತ್ತೆ. ‘ಸೆಫೆರ್’ ಅಂತ ಓದಿದರೆ ಪುಸ್ತಕ, ‘ಸಪಾರ್’ ಅಂತ ಓದಿದರೆ ಕ್ಷೌರಿಕ, ‘ಸಫಾರ್’ ಅಂದರೆ ಎಣಿಸಿದ. ‘ಸಿಪೇರ್’ ಅಂದರಂತೂ ಎರಡರ್ಥ, ಕತೆ ಹೇಳಿದ ಅಂತಲೂ ಹೌದು, ಕೂದಲು ಕತ್ತರಿಸಿದ ಅಂತಲೂ ಹೌದು. ‘ಸಲೂನಿನಲ್ಲಿ ಎರಡೂ ಒಟ್ಟಿಗೇ ಆಗ್ತದಲ್ಲ’ ಅಂದಿದ್ದಳು ಅಕ್ಕ.

‘ಶಲೋಮ್’ ನಿಮಗೂ ಗೊತ್ತಿರುತ್ತೆ. ನಮಸ್ಕಾರ, ಹೋಗಿ ಬರ್ತೀನಿ, ಶಾಂತಿ, ಕ್ಷೇಮ ಎಲ್ಲಾ ಅದೇ. ‘ಕವೇದ್’ ಅಂದರೆ ಭಾರ. ಲಿವರ್‌ಗೂ ‘ಕವೇದ್’ ಅಂತಲೇ ಹೇಳ್ತಾರೆ. ರೋಗಿಯನ್ನು ನೋಡಿಕೊಳ್ಳುವವರಿಗೆ ಇದು ತಮಾಷೆಯಲ್ಲ. ತಾತ ಹೊಟ್ಟೆ ಮುಟ್ಟಿಕೊಂಡು ‘ಕವೇದ್’ ಅಂದರೆ ಹೊಟ್ಟೆ ಭಾರ ಅಂತಿದ್ದಾರಾ, ಲಿವರ್ ಅಂತಿದ್ದಾರಾ? ಅಕ್ಕ ನೋಟ್‌ಬುಕ್ಕಿನಲ್ಲಿ ಇದನ್ನು ಕೆಂಪು ಪೆನ್ನಲ್ಲಿ ಬರೆದುಕೊಂಡಿದ್ದಳು.

‘ಇದೆಂತ ಭಾಷೆ ಮಾರಾಯ್ತಿ, ಒಂದು ಪದಕ್ಕೆ ನಾಕು ಅರ್ಥ’ ಅಂತ ಒಂದಿನ ತಲೆ ಹಿಡಿದು ಕೂತಳು. ಅಡುಗೆಮನೆಯಿಂದ ಅಮ್ಮನೇ ಉತ್ತರ ಕೊಟ್ಟರು: ‘ನಮ್ಮದೇನು ಕಮ್ಮಿನಾ? ಹತ್ತು ಅಂದರೆ ಮೆಟ್ಟಿಲು ಹತ್ತೋದೂ ಹೌದು, ಹತ್ತು ರೂಪಾಯೀನೂ ಹೌದು. ಆಡು ಅಂದರೆ ಮೇಕೆ, ಆಟ ಆಡು, ಮಾತಾಡು. ಬೇಡ ಅಂದರೆ ಕಾಡಿನ ಬೇಡ, ತಿಂಡಿ ಬೇಡ. ನೀವು ಹುಟ್ಟಿದಾಗಿಂದ ಮಾತಾಡ್ತಿದ್ದೀರಿ, ಅದಕ್ಕೆ ಕಷ್ಟ ಕಾಣ್ತಿಲ್ಲ ಅಷ್ಟೇ.’

ನೀರು, ನೋವು, ಔಷಧಿ, ಮೇಲೇಳಿ, ನಿಧಾನ, ತಲೆ ಸುತ್ತುತ್ತಿದೆಯಾ... ಬೇಕಾದ ಪದಗಳೆಲ್ಲಾ ಮುಗಿದ ಮೇಲೆ ಪ್ರಾಣಿ ಪಕ್ಷಿಗೆ ಬಂದೆವು. ಅವಳೇ ಕೇಳಿದ್ದು: ‘ನವಿಲಿಗೆ ಎಂತ ಹೇಳ್ತಾರೆ? ನಮ್ಮ ಗದ್ದೆಗೆ ಬರ್ತದಲ್ಲ, ಊರು ಕೇಳಿದ್ರೆ ಹೇಳ್ಬಹುದು.’ ನಾನು ಫೋನಿನಲ್ಲಿ ಹುಡುಕಿದೆ. ಯಾವುದೋ ಪದಪಟ್ಟಿಯಲ್ಲಿ ‘ತುಕಿ: ನವಿಲು’ ಅಂತ ಸಿಕ್ಕಿತು. ಅದು ಬೈಬಲ್ ಪದಗಳ ಪಟ್ಟಿ ಅಂತ ಮೇಲೆ ಬರೆದಿತ್ತು, ನಾನು ನೋಡಲಿಲ್ಲ. ಚೀಟಿ ಬರೆದು ಫ್ರಿಡ್ಜಿಗೆ ಅಂಟಿಸಿದೆ. ಎರಡೇ ನಿಮಿಷದ ಕೆಲಸ.

‘ನೀ ಹೇಳ್ಕೊಟ್ಟಿದ್ದು ತಪ್ಪು’

ಅಕ್ಕನಿಗೆ ಕೆಲಸ ಸಿಕ್ಕಿದ್ದು ಟೆಲ್ ಅವೀವ್ ಪಕ್ಕದ ರಮತ್ ಗನ್ನಿನಲ್ಲಿ. ಎಂಬತ್ತು ದಾಟಿದ ನಿವೃತ್ತ ಮೇಷ್ಟ್ರು. ಅವರನ್ನು ಅಕ್ಕ ‘ಸಾಬಾ’ ಅಂತ ಕರೀತಾಳೆ. ಹೀಬ್ರೂನಲ್ಲಿ ಸಾಬಾ ಅಂದರೆ ತಾತ. ಮನೆಯವರ ಪಾಲಿಗೆ ಅವಳು ‘ಮೆತಪೆಲೆತ್’, ಅಂದರೆ ಆರೈಕೆ ಮಾಡುವವಳು.

ಹೋದ ಹೊಸದರಲ್ಲಿ ಒಂದು ಶನಿವಾರ ಸಾಬಾನ ಮಗಳು, ಮೊಮ್ಮಕ್ಕಳು ಊಟಕ್ಕೆ ಬಂದಿದ್ದರು. ನಿಮ್ಮೂರು ಹೇಗಿದೆ ಅಂತ ಕೇಳಿದರಂತೆ. ಅಕ್ಕ ಧೈರ್ಯ ಮಾಡಿ ಕಲಿತ ಹೀಬ್ರೂನೆಲ್ಲಾ ಒಟ್ಟುಗೂಡಿಸಿ ಹೇಳಿದಳು: ನಮ್ಮಲ್ಲಿ ತುಂಬ ಮಳೆ. ಮೋಡ ಬಂದರೆ ತುಕಿ ಕುಣಿಯುತ್ತೆ. ಬಾಲ ಬಿಚ್ಚಿದರೆ ಇಷ್ಟಗಲ. ನಮ್ಮ ದೇಶದ ರಾಷ್ಟ್ರಪಕ್ಷಿ ಅದು. ನಮ್ಮ ಭತ್ತವನ್ನೆಲ್ಲಾ ತಿಂದುಹಾಕುತ್ತೆ. ಎರಡೂ ಕೈ ಅಗಲಿಸಿ ತೋರಿಸಿದಳು.

ಮಕ್ಕಳು ಬಿದ್ದು ಬಿದ್ದು ನಕ್ಕವು. ದೊಡ್ಡವರೂ ನಕ್ಕರು. ಯಾಕಂದರೆ ಇವತ್ತಿನ ಹೀಬ್ರೂನಲ್ಲಿ ತುಕಿ ಅಂದರೆ ಗಿಣಿ. ನವಿಲಿಗೆ ಬೇರೆ ಪದವಿದೆ, ‘ತವಾಸ್’. ಅವರ ಕಿವಿಗೆ ಬಿದ್ದಿದ್ದು ಇಷ್ಟು: ಮಳೆ ಬಂದಾಗ ಕುಣಿಯುವ, ಹಾಸಿಗೆಯಷ್ಟು ಅಗಲ ಬಾಲದ, ಗದ್ದೆ ಖಾಲಿ ಮಾಡುವ ಗಿಣಿ.

ಅವರದು ಕೆಟ್ಟ ನಗುವಲ್ಲ ಅಂತ ಅಕ್ಕ ಆಮೇಲೆ ಹೇಳಿದಳು. ಆದರೆ ಬಂದು ಇನ್ನೂ ಒಂದು ತಿಂಗಳಾಗಿರಲಿಲ್ಲ. ಈ ಮನೆ ಸರಿಹೋಗುತ್ತಾ, ಇಟ್ಟುಕೊಳ್ತಾರಾ ಅನ್ನೋದೇ ತಲೆಯಲ್ಲಿದ್ದ ದಿನಗಳು. ಅವತ್ತು ರಾತ್ರಿ ಫೋನ್ ಮಾಡಿದಾಗ ಬೈಗುಳ ಇರಲಿಲ್ಲ, ಅದೇ ನನಗೆ ಭಯವಾಗಿದ್ದು. ‘ನೀ ಹೇಳ್ಕೊಟ್ಟಿದ್ದು ತಪ್ಪು ಕಣೇ. ನಿಂಗೆ ತಮಾಷೆ. ಇಲ್ಲಿ ನಾಳೆ ಔಷಧಿ ಹೆಸರು ತಪ್ಪಿದ್ರೆ?’ ಅಂದು ಇಟ್ಟುಬಿಟ್ಟಳು. ಆ ವಾರ ಪೂರ್ತಿ ಕೈಸನ್ನೆಯಲ್ಲೇ ಕೆಲಸ ಮಾಡಿದಳಂತೆ. ತಪ್ಪಾದರೆ ಅನ್ನೋ ಹೆದರಿಕೆಗೆ ಗೊತ್ತಿದ್ದ ಪದವೂ ಬಾಯಿಂದ ಹೊರಡಲಿಲ್ಲ.

ನಾನು ಸಾರಿ ಅಂತ ಮೆಸೇಜ್ ಹಾಕಿದೆ. ನೀಲಿ ಗೀಟು ಬಂತು, ಉತ್ತರ ಬರಲಿಲ್ಲ. ಹನ್ನೊಂದನೇ ದಿನ ಅವಳೇ ಫೋನ್ ಮಾಡಿ ಮಗಳ ಫೀಸಿನ ವಿಷಯ ಮಾತಾಡಿದಳು. ತುಕಿಯ ಸುದ್ದಿ ಇಬ್ಬರೂ ಎತ್ತಲಿಲ್ಲ.

ಸೈರನ್ ಕೂಗಿದ ರಾತ್ರಿ

2025ರ ಜೂನ್ 13ರಿಂದ ಹನ್ನೆರಡು ದಿನ ಇಸ್ರೇಲ್ ಮತ್ತು ಇರಾನ್ ನಡುವೆ ಯುದ್ಧ ನಡೆದದ್ದು ನಿಮಗೆ ನೆನಪಿರಬಹುದು. ರಮತ್ ಗನ್ ಮೇಲೂ ಕ್ಷಿಪಣಿ ಬಿತ್ತು. ಇಲ್ಲಿ ನಮ್ಮ ಮನೆಯಲ್ಲಿ ಟಿವಿ ಆರಲಿಲ್ಲ. ದೊಡ್ಡಮ್ಮನಿಗೆ ಗೊತ್ತಾಗಬಾರದು ಅಂತ ಅಕ್ಕ ಅವರಿಗೆ ಹಗಲು ಫೋನ್ ಮಾಡಿ ನಗ್ತಾ ಮಾತಾಡೋಳು. ರಾತ್ರಿ ನನಗೆ ಫೋನ್ ಮಾಡಿ ಸುಮ್ಮನೆ ಇರೋಳು.

ಅಲ್ಲಿ 1990ರ ದಶಕದಿಂದೀಚೆಗೆ ಕಟ್ಟಿದ ಫ್ಲ್ಯಾಟುಗಳಲ್ಲಿ ಗಟ್ಟಿ ಕಾಂಕ್ರೀಟ್ ಗೋಡೆಯ ಒಂದು ಕೋಣೆ ಇರುತ್ತೆ. ‘ಮಮಾದ್’ ಅಂತಾರೆ. ಸೈರನ್ ಕೂಗಿದ ತಕ್ಷಣ ಸಾಬಾನನ್ನು ವೀಲ್‌ಚೇರಿನಲ್ಲಿ ಅದರೊಳಗೆ ತಳ್ಳಿಕೊಂಡು ಹೋಗಿ ಕಬ್ಬಿಣದ ಬಾಗಿಲು ಹಾಕಬೇಕು. ಸಾಬಾ ಮೊದಲ ರಾತ್ರಿ ನಡುಗ್ತಿದ್ದರಂತೆ. ಏನಾದರೂ ಮಾತಾಡಿಸಬೇಕು. ಅಕ್ಕನಿಗೆ ಏನು ಹೊಳೆಯಿತೋ, ‘ಸಾಬಾ, ತುಕಿ ಅಂದ್ರೆ ನವಿಲು ಅಂತ ಯಾಕೆ ಬರ್ದಿದ್ರು?’ ಅಂತ ಕೇಳಿಬಿಟ್ಟಳು.

ಸಾಬಾ ಮುಖ ಎತ್ತಿದರು. ಅವರು ಶಾಲೆಯಲ್ಲಿ ಮೂವತ್ತು ವರ್ಷ ಹೀಬ್ರೂ ಬೈಬಲ್ ಪಾಠ ಮಾಡಿದವರು. ಆ ಶನಿವಾರ ಎಲ್ಲರೂ ನಗುವಾಗ ಅವರಿಗೆ ಕಿವಿ ಯಂತ್ರ ಇರಲಿಲ್ಲ, ಏನಾಯಿತು ಅಂತಲೇ ತಿಳಿದಿರಲಿಲ್ಲ. ಅಕ್ಕ ಈಗ ಪೂರ್ತಿ ಹೇಳಿದಳು. ಅವರು ಹೇಳಿದ್ದರ ಸಾರ ಇಷ್ಟು: ‘ನೀನು ಹೇಳಿದ್ದು ತಪ್ಪಲ್ಲ. ಮೂರು ಸಾವಿರ ವರ್ಷ ತಡವಾಯಿತು, ಅಷ್ಟೇ.’

ಸೊಲೊಮನ್ ರಾಜನ ಹಡಗಿನಲ್ಲಿ ಬಂದದ್ದೇನು?

ಅಕ್ಕ ಮಮಾದ್‌ನಿಂದಲೇ ಕಳಿಸಿದ ವಾಯ್ಸ್ ಮೆಸೇಜನ್ನು ನಾನು ಮೂರು ಸಲ ಕೇಳಿದೆ. ಈ ಸಲ ಎರಡು ನಿಮಿಷದ ಕೆಲಸ ಮಾಡಲಿಲ್ಲ. ಎರಡು ಭಾನುವಾರ ಕೂತು ಓದಿದೆ.

ಹೀಬ್ರೂ ಬೈಬಲಿನಲ್ಲಿ ಈ ಪದ ಬರೋದು ಎರಡೇ ಕಡೆ. ಅರಸುಗಳ ಮೊದಲ ಪುಸ್ತಕದ 10ನೇ ಅಧ್ಯಾಯದಲ್ಲಿ ಒಮ್ಮೆ, ಅದೇ ಸಂಗತಿಯನ್ನು ಮತ್ತೆ ಹೇಳುವ ಪೂರ್ವಕಾಲ ವೃತ್ತಾಂತದ ಎರಡನೇ ಪುಸ್ತಕದ 9ನೇ ಅಧ್ಯಾಯದಲ್ಲಿ ಇನ್ನೊಮ್ಮೆ. ಸೊಲೊಮನ್ ರಾಜನಿಗೆ ಮೂರು ವರ್ಷಕ್ಕೊಮ್ಮೆ ಹಡಗುಗಳು ಹೊತ್ತು ತರುತ್ತಿದ್ದ ಸಾಮಾನಿನ ಪಟ್ಟಿ ಅದು: ಚಿನ್ನ, ಬೆಳ್ಳಿ, ದಂತ, ಕೋತಿ, ಕೊನೆಗೆ ‘ತುಕ್ಕಿಯ್ಯೀಮ್’. ಅದು ಬಹುವಚನ.

ಬೇರೆ ಸಂದರ್ಭವೇ ಇಲ್ಲದ ಕಾರಣ ಅದೇನು ಪ್ರಾಣಿ ಅನ್ನೋದೇ ಸಮಸ್ಯೆ. ಹಳೆಯ ಗ್ರೀಕ್ ಅನುವಾದದಲ್ಲಿ ಅಲ್ಲಿ ಪ್ರಾಣಿಯೇ ಇಲ್ಲ, ಕೆತ್ತಿದ ಕಲ್ಲುಗಳಿವೆ. ಲ್ಯಾಟಿನ್ ಅನುವಾದ ನವಿಲು ಅಂದಿತು. ಇಂಗ್ಲಿಷಿನ ಹಳೆಯ ಅನುವಾದ, ನಮ್ಮ ಕನ್ನಡ ಬೈಬಲ್ ಕೂಡ ನವಿಲನ್ನೇ ಇಟ್ಟುಕೊಂಡವು. ಇನ್ನು ಕೆಲವು ವಿದ್ವಾಂಸರು ಇದು ಈಜಿಪ್ಟಿನ ಪದ, ಒಂದು ಜಾತಿಯ ಕೋತಿ ಅಂತಾರೆ. ಕೆಲವು ಹೊಸ ಅನುವಾದಗಳಲ್ಲಿ ನವಿಲಿನ ಜಾಗಕ್ಕೆ ಬಬೂನ್ ಬಂದು ಕೂತಿದೆ. ಆಮೇಲೆ ಮಾತಾಡುವ ಭಾಷೆಯಾಗಿ ಮರುಹುಟ್ಟು ಪಡೆದ ಹೀಬ್ರೂ ಈ ಪದವನ್ನು ಗಿಣಿಗೆ ಕೊಟ್ಟಿತು. ನವಿಲಿಗೆ ಗ್ರೀಕಿನಿಂದ ಬಹಳ ಹಿಂದೆಯೇ ಬಂದಿದ್ದ ‘ತವಾಸ್’ ಇತ್ತಲ್ಲ. ಒಂದು ಪದ; ನವಿಲು, ಗಿಣಿ, ಕೋತಿ ಮೂರೂ ಅದರ ಮೇಲೆ ಹಕ್ಕು ಹೇಳ್ತಿವೆ.

ಆದರೆ ನನಗೆ ಮೈ ಜುಮ್ಮೆಂದದ್ದು ಇನ್ನೊಂದು ವಿಷಯಕ್ಕೆ. 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಪ್ರಕಟಿಸಿದಾಗ, ಈ ‘ತುಕಿ’ ಹೀಬ್ರೂ ಮೂಲದ್ದಲ್ಲ, ನಮ್ಮ ಕಡೆಯದು ಅಂದರು. ತಮಿಳಿನಲ್ಲಿ ‘ತೋಗೈ’ ಅಂದರೆ ನವಿಲಿನ ಗರಿಬಾಲ, ನವಿಲು. ಇಪ್ಪತ್ತನೇ ಶತಮಾನದಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿ ಹೈಮ್ ರಾಬಿನ್ ಕೂಡ ಇಂಥ ಪದಗಳನ್ನಿಟ್ಟುಕೊಂಡು ದಕ್ಷಿಣ ಭಾರತಕ್ಕೂ ಅಲ್ಲಿಗೂ ಇದ್ದ ಹಳೆಯ ವ್ಯಾಪಾರದ ಬಗ್ಗೆ ಬರೆದರು. ಎಲ್ಲರೂ ಒಪ್ಪಿಲ್ಲ. ಕೋತಿ ಪಕ್ಷದವರು ಇನ್ನೂ ಇದ್ದಾರೆ. ಆದರೂ ನವಿಲು ಭಾರತದ ಕಡೆಯ ಹಕ್ಕಿ. ಹಕ್ಕಿ ಹಡಗು ಹತ್ತಿದರೆ ಹೆಸರೂ ಹತ್ತುತ್ತೆ ಅನ್ನೋದರಲ್ಲಿ ಆಶ್ಚರ್ಯವೇನಿದೆ?

ಸಮುದ್ರದಾಚೆ ನಮ್ಮ ಮಾತಿನ ಗುರುತು ಹುಡುಕಿದವರು ಕನ್ನಡದಲ್ಲೂ ಇದ್ದರು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಒಂದು ಗ್ರೀಕ್ ಪ್ರಹಸನದ ಪಪೈರಸ್ 1903ರಲ್ಲಿ ಅಚ್ಚಾಯಿತು. ಅದರಲ್ಲಿ ಭಾರತದ ರಾಜನ ಕಡೆಯವರು ಆಡುವ, ಗ್ರೀಕಲ್ಲದ ಮಾತುಗಳಿವೆ. ಅದು ಕನ್ನಡ ಇರಬಹುದು ಅಂದವರು ಜರ್ಮನಿಯ ಹುಲ್ಟ್ಸ್. ನಮ್ಮ ಆರ್. ಶಾಮಶಾಸ್ತ್ರಿ, ಮಂಜೇಶ್ವರದ ಗೋವಿಂದ ಪೈ ಅದರ ಬೆನ್ನು ಹತ್ತಿದರು. ಅಲ್ಲೂ ವಾದ ಮುಗಿದಿಲ್ಲ.

ದೊಡ್ಡಮ್ಮನ ಹಿತ್ತಲಿನಲ್ಲಿ

ಸರಿ, ತಮಿಳಿನಲ್ಲಿದೆ. ಕನ್ನಡದಲ್ಲಿ? ಹಂಪಿನಗರದ ಗ್ರಂಥಾಲಯಕ್ಕೆ ಹೋದೆ. ಕಾಂಪಿಟೇಟಿವ್ ಪರೀಕ್ಷೆಗೆ ಓದೋ ಹುಡುಗರ ನಡುವೆ ನಿಘಂಟು ಹಿಡಿದು ಕೂತವಳು ನಾನೊಬ್ಬಳೇ.

‘ತೋಕೆ’ ಸಿಕ್ಕಿತು. ಹಳಗನ್ನಡದಲ್ಲಿ ಬಾಲ. ನಾವು ಬಿಟ್ಟುಬಿಟ್ಟೆವು, ತೆಲುಗಿನವರು ಬಿಡಲಿಲ್ಲ. ನಮ್ಮ ಎದುರುಮನೆ ತೆಲುಗು ಆಂಟಿ ದಿನಾ ಬೆಳಿಗ್ಗೆ ಬೀದಿನಾಯಿಗೆ ‘ತೋಕ’ ಅಂತ ಏನೋ ಬೈತಾರಲ್ಲ, ಅದೇ.

ಅಲ್ಲಿಂದ ‘ಸೋಗೆ’ಗೆ ಹೋದೆ. ನವಿಲಿನ ಗರಿಬಾಲ. ನವಿಲು. ಅಡಿಕೆ, ತೆಂಗಿನ ಗರಿ.

ಪುಸ್ತಕ ಮುಚ್ಚಿ ಸುಮ್ಮನೆ ಕೂತೆ. ಸೋಗೆ! ತೀರ್ಥಹಳ್ಳಿಯ ಆ ಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳಿದ ಪದ. ಮಳೆಗಾಲಕ್ಕೆ ಮುಂಚೆ ಕೊಟ್ಟಿಗೆಗೆ ಸೋಗೆ ಹೊದಿಸಬೇಕು, ತೋಟದಲ್ಲಿ ಬಿದ್ದ ಸೋಗೆ ಎಳೆದು ತರಬೇಕು, ಸೋಗೆ ಮೇಲೆ ಕೂರಿಸಿ ಎಳೆದಾಡೋದೇ ನಮಗೆ ಕಾರು. ಎಳೆಯೋಳು ಅಕ್ಕ, ಕೂರೋಳು ನಾನು. ಮಂಡ್ಯದ ಕಡೆ ಕೇಳಿದರೆ ಕಬ್ಬಿನ ಸೋಗೆ ಅಂತಾರೆ. ತಮಿಳಿನ ತೋಗೈಗೂ ಜೋತುಬೀಳುವ ಉದ್ದ ಎಲೆ, ಬಾಲ, ನವಿಲು ಅಂತಲೇ ಅರ್ಥ. ಉದ್ದಕ್ಕೆ ಜೋತುಬೀಳುವ ವಸ್ತುವಿನಿಂದ ಬಾಲಕ್ಕೆ, ಬಾಲದಿಂದ ಹಕ್ಕಿಗೆ. ಎರಡು ಪದಗಳ ಅರ್ಥ ನಡೆದದ್ದು ಒಂದೇ ದಾರಿ.

ಹೀಬ್ರೂ ಪದಕ್ಕೆ ಯಾಕೆ ಇಷ್ಟು ಅರ್ಥ ಅಂತ ತಲೆ ಕೆಡಿಸಿಕೊಂಡ ನಾವಿಬ್ಬರೂ, ಹುಟ್ಟಿದಾಗಿಂದ ಬಾಯಲ್ಲಿದ್ದ ಪದದೊಳಗೆ ನವಿಲು ಕೂತಿದೆ ಅಂತ ಒಮ್ಮೆಯೂ ನೋಡಿರಲಿಲ್ಲ. ಅಮ್ಮ ಹೇಳಿದ್ದು ಸರಿ. ಕಷ್ಟಪಟ್ಟು ಕಲಿಯೋ ಭಾಷೆಯಲ್ಲಿ ಮಾತ್ರ ನಾವು ಪದಗಳನ್ನು ನಿಂತು ನೋಡ್ತೀವಿ.

ಗ್ರಂಥಾಲಯದ ಮೆಟ್ಟಿಲ ಮೇಲೆ ನಿಂತೇ ಅಕ್ಕನಿಗೆ ಎಲ್ಲಾ ಹೇಳಿ ಕಳಿಸಿದೆ. ಅದರ ಕೊನೆಯಲ್ಲಿ, ಆವತ್ತು ಮೆಸೇಜಿನಲ್ಲಿ ಹಾಕಿದ್ದ ಸಾರಿಯನ್ನು ಬಾಯಲ್ಲಿ ಹೇಳಿದೆ. ಪಟ್ಟಿಯ ತಲೆಬರಹ ಓದಲಿಲ್ಲ, ನಿನ್ನ ಕೆಲಸವನ್ನು ನನ್ನ ಆಟದ ಹಾಗೆ ನೋಡಿದೆ ಅಂತ.

ಒಂದು ಕೂಗು

ಜ್ಞಾನಭಾರತಿ ಕ್ಯಾಂಪಸ್ಸಿನಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವವರಿಗೆ ಗೊತ್ತು, ಅಲ್ಲಿ ನವಿಲುಗಳಿವೆ. ಕಾಣೋದು ಅದೃಷ್ಟ, ಕೂಗಂತೂ ಕೇಳುತ್ತೆ. ಒಂದು ಭಾನುವಾರ ಬೆಳಿಗ್ಗೆ ಹೋಗಿ ನಿಂತು ಆ ಕೂಗನ್ನು ರೆಕಾರ್ಡ್ ಮಾಡಿ ಅಕ್ಕನಿಗೆ ಕಳಿಸಿದೆ. ಹಿಂದೆ ಕೆಂಗೇರಿ ರಸ್ತೆಯ ಬಸ್ ಹಾರ್ನೂ ಇದೆ, ಕತ್ತರಿಸಲಿಲ್ಲ.

ಅಕ್ಕ ಅದನ್ನು ಸಾಬಾನ ಕಿವಿ ಹತ್ತಿರ ಹಿಡಿದಳಂತೆ. ಅವರು ಕಣ್ಣು ಮುಚ್ಚಿ ಕೇಳಿ, ‘ತುಕಿ’ ಅಂದರಂತೆ. ಅದೇ ಹೊತ್ತಿಗೆ ಅವರ ಬಾಲ್ಕನಿ ಎದುರಿನ ಮರದಲ್ಲಿ ಗಿಣಿಗಳ ಗಲಾಟೆ. ಅವು ನಮ್ಮ ಊರಿನ, ಕೊರಳಿಗೆ ಕೆಂಪು ಪಟ್ಟಿಯ ಹಸಿರು ಗಿಣಿಗಳೇ. ಪಂಜರದಿಂದ ತಪ್ಪಿಸಿಕೊಂಡವು ಅಲ್ಲಿ ಸಂಸಾರ ಹೂಡಿ ಈಗ ಊರ ತುಂಬ ಹರಡಿವೆ. ಹಾಗಾಗಿ ಆ ಬಾಲ್ಕನಿಯಲ್ಲಿ ಆವತ್ತು ಹಳೇ ತುಕಿ, ಹೊಸ ತುಕಿ ಎರಡೂ ಕೂಗಿದವು. ಎರಡೂ ಇಲ್ಲಿಂದ ಹೋದವೇ.

ಅಕ್ಕನ ಉತ್ತರ ರಾತ್ರಿ ಬಂತು. ‘ಸಾಲ ತೀರೋಕೆ ಇನ್ನೂ ಒಂದೂವರೆ ವರ್ಷ ಬೇಕು ಮಾರಾಯ್ತಿ. ನವಿಲು ಆಮೇಲೆ ನೋಡುವ. ಡಾಕ್ಟರ್ ಚೀಟಿ ಫೋಟೊ ಕಳಿಸಿದ್ದೀನಿ, ಆ ಎರಡನೇ ಸಾಲು ಓದಿ ಹೇಳು. ಈ ಸಲ ಮೇಲೆ ಎಂತ ಬರೆದಿದೆ ಅಂತ್ಲೂ ನೋಡು.’

ನೋಡಿದೆ. ಎರಡು ಸಲ ಓದಿದೆ. ಖಾತ್ರಿಯಾಗದ ಒಂದು ಪದ ಇತ್ತು. ‘ಇದು ನಂಗೆ ಗೊತ್ತಿಲ್ಲ ಅಕ್ಕ, ಅಲ್ಲೇ ಫಾರ್ಮಸಿಯಲ್ಲಿ ಕೇಳು’ ಅಂತ ಬರೆದೆ. ಹೆಬ್ಬೆರಳು ಬಂತು.

ಫ್ರಿಡ್ಜಿನ ಚೀಟಿಯನ್ನು ನಾನು ತೆಗೆದಿಲ್ಲ. ‘ನವಿಲು’ ಪಕ್ಕದಲ್ಲಿ ‘ಗಿಣಿ’ ಅಂತ ಸೇರಿಸಿದ್ದೀನಿ, ಕೆಳಗೆ ‘ಸೋಗೆ’ ಅಂತ. ಅಮ್ಮ ಅದರ ಕೆಳಗೆ ಹಾಲಿನ ಲೆಕ್ಕ ಬರೆದಿದ್ದಾರೆ.

ನಿಮ್ಮ ಮನೆಯಲ್ಲೂ ಇಂಥ ಪದ ಇರುತ್ತೆ. ನಿಮ್ಮೂರಲ್ಲಿ ಒಂದರ್ಥ, ಅತ್ತೆ ಮನೆಯಲ್ಲಿ ಇನ್ನೊಂದು, ನಿಘಂಟಿನಲ್ಲಿ ಮೂರನೆಯದು. ಇವತ್ತು ಊಟಕ್ಕೆ ಕೂತಾಗ ಮನೆಯ ಹಿರಿಯರನ್ನು ಒಂದು ಮಾತು ಕೇಳಿ ನೋಡಿ. ಸಿಕ್ಕಿದ್ದನ್ನು ನಮ್ಮ ಓದುಗರ ಅಂಕಣಕ್ಕೆ ಬರೆದು ಕಳಿಸಿ.